ತುಮಕೂರಿನಲ್ಲಿ ಮಾನಸಿಕ ಆರೋಗ್ಯದ ಸಂದೇಶವಿರುವ ಬಟ್ಟೆ ಮಾರಿ ಬದುಕಬಹುದೇ?

ಖಿನ್ನತೆಯಿಂದ ಚೇತರಿಸಿಕೊಂಡಿದ್ದೀರಿ, ಕೈಯಲ್ಲಿ 50 ಸಾವಿರ ರೂಪಾಯಿ ಇದೆ, ಕೆಲಸ ಬಿಟ್ಟು ಮಾನಸಿಕ ಆರೋಗ್ಯದ ಸಾಲುಗಳಿರುವ ಟೀ ಶರ್ಟ್ ಮಾರಬೇಕೆಂದಿದ್ದೀರಿ, ನಮ್ಮ ತುಮಕೂರಿನಲ್ಲಿ ಅದು ನಡೆಯುತ್ತದೆಯೇ, ಲೆಕ್ಕ ಹೇಗೆ ಎಂದು ಕೇಳಿದ್ದೀರಿ. ಕೆಲಸ ಬಿಡಬೇಡಿ. ಉಳಿದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದೇ ಊರಿನಲ್ಲಿ ಇದೇ ಕೆಲಸಕ್ಕೆ ಇಳಿದು ಕೈ ಸುಟ್ಟುಕೊಂಡವಳು ನಾನು.

ನನ್ನದು ಹೊಲಿಗೆ ಅಂಗಡಿ. ನನ್ನ ತಮ್ಮ ಖಿನ್ನತೆಯಿಂದ ಎಂಟು ತಿಂಗಳು ಮನೆಯಿಂದ ಹೊರಗೇ ಬಾರದಿದ್ದಾಗ ದೃಷ್ಟಿ ತೆಗೆಸಿ, ತಡೆ ಒಡೆಸಿ ಎಂದವರು ಬೇಕಾದಷ್ಟು ಜನ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದವರು ಒಬ್ಬರೇ, ಬ್ಲೌಸ್ ಹೊಲಿಸಲು ಬಂದಿದ್ದ ನರ್ಸ್. ಅವನು ಸುಧಾರಿಸಿದ ಮೇಲೆ ನನಗೆ ನಿಮ್ಮಂಥದೇ ಹುಮ್ಮಸ್ಸು ಬಂತು. ತಿರುಪ್ಪೂರಿನಿಂದ 180 ಜಿಎಸ್‌ಎಂನ (ಚದರ ಮೀಟರ್ ಬಟ್ಟೆಗೆ 180 ಗ್ರಾಂ ತೂಕ) ನೂರು ಹತ್ತಿ ಟೀ ಶರ್ಟ್ ತರಿಸಿ, ಎದೆಯ ಮೇಲೆ ‘ನನಗೂ ಖಿನ್ನತೆ ಇತ್ತು’ ಎಂದು ದೊಡ್ಡದಾಗಿ ಅಚ್ಚು ಹಾಕಿಸಿದೆ.

ಮಾರಾಟವಾದದ್ದು ಇಪ್ಪತ್ತಮೂರು. ಅದರಲ್ಲಿ ಹದಿನೈದು ನೆಂಟರು ದಾಕ್ಷಿಣ್ಯಕ್ಕೆ ಕೊಂಡದ್ದು. ಕೊಂಡಿದ್ದ ಒಬ್ಬ ಕಾಲೇಜು ಹುಡುಗ ವಾರದ ನಂತರ ಅಂಗಡಿಗೆ ಬಂದ. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿದ್ದಾಗ ಎದುರಿಗೆ ಕುಳಿತ ಹಿರಿಯರೊಬ್ಬರು ಶರ್ಟ್ ಓದಿ, ‘ಈಗ ಹೇಗಿದೆಯಪ್ಪಾ? ಯಾರ ಮನೆಯ ಹುಡುಗ?’ ಎಂದು ಶುರು ಮಾಡಿ, ಕಾಫಿ ಬರುವ ಹೊತ್ತಿಗೆ ಮದುವೆಗೆ ತೊಂದರೆಯಾಗುವುದಿಲ್ಲವೇ ಎನ್ನುವವರೆಗೆ ಬಂದಿದ್ದರಂತೆ. ಬೆಂಗಳೂರಿನಲ್ಲಾಗಿದ್ದರೆ ಆ ಶರ್ಟನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಎಪ್ಪತ್ತು ಕಿಲೋಮೀಟರ್ ಈಚೆ ಎದೆಯ ಮೇಲಿನ ಬರಹ ಇಡೀ ಮನೆತನಕ್ಕೆ ಅಂಟಿಕೊಳ್ಳುತ್ತದೆ. ಇನ್ನೊಂದು ಮಾತು, ಹೇಳಲು ನಾಚಿಕೆಯಾಗುತ್ತದೆ. ತಮ್ಮ ಆ ಶರ್ಟನ್ನು ಒಂದು ದಿನವೂ ಹಾಕಿಕೊಳ್ಳಲಿಲ್ಲ. ‘ಕಾಯಿಲೆ ನನ್ನದು, ಅಚ್ಚು ಹಾಕಿಸಿದವಳು ನೀನು’ ಎಂದ, ಅಷ್ಟೇ. ಅವನನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ನಡೆದದ್ದು ಆಕಸ್ಮಿಕ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳೊಬ್ಬಳು ಚೂಡಿದಾರದ ಟಾಪಿಗೆ ಜೇಬು ಇಡಿಸಿಕೊಡಿ ಎಂದಳು, ಮೊಬೈಲಿಗೆ ಮತ್ತು ಬಸ್ಸಿನ ಚಿಲ್ಲರೆಗೆ. ಜೇಬಿನ ಒಳಪದರಕ್ಕೆ ಬೇರೆ ಚೂರು ಸಿಗದೆ, ಮಾರಾಟವಾಗದ ಒಂದು ಟೀ ಶರ್ಟನ್ನೇ ಕತ್ತರಿಸಿ ಹಾಕಿದೆ. (ಹಾಗೆ ಮಾಡಬಾರದು, ಬನಿಯನ್ ಬಟ್ಟೆ ಹಿಗ್ಗಿ ಜೇಬು ಜೋತುಬೀಳುತ್ತದೆ.) ಹತ್ತು ದಿನದ ನಂತರ ಅವಳು ಮತ್ತೆ ಬಂದಳು. ಜೇಬು ಹಿಗ್ಗಿದೆ ಎನ್ನಲು ಬಂದಳೆಂದುಕೊಂಡೆ. ‘ಅಕ್ಕಾ, ಜೇಬಿನೊಳಗೆ ಖಿನ್ನತೆ ಇತ್ತು ಎಂದು ಬರೆದಿದೆಯಲ್ಲ, ಯಾರಿಗೆ ಇತ್ತು?’ ಎಂದು ಕೇಳಿ, ಗಿರಾಕಿಗಳೆಲ್ಲ ಹೋಗುವವರೆಗೆ ಸ್ಟೂಲಿನ ಮೇಲೆ ಕುಳಿತೇ ಇದ್ದಳು. ಹೆರಿಗೆಯಾದ ಮೇಲೆ ತಾನು ಮಗುವನ್ನು ಎತ್ತಿಕೊಳ್ಳಲೂ ಆಗದೆ ಅಳುತ್ತಿದ್ದದ್ದನ್ನು ಅವತ್ತು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದಳು.

ಅಲ್ಲಿಂದ ಟೀ ಶರ್ಟ್ ಬಿಟ್ಟೆ. ಈಗ ಜೇಬಿರುವ ಹತ್ತಿಯ ಕುರ್ತಾ ಹೊಲಿಯುತ್ತೇನೆ. ಹೊರಗೆ ಒಂದಕ್ಷರವೂ ಇಲ್ಲ. ಜೇಬಿನ ಒಳಗೆ, ಪಾಪ್ಲಿನ್ ಬಟ್ಟೆಯ ಮೇಲೆ ಎರಡು ಸಾಲು: ‘ಮನಸ್ಸಿಗೆ ಭಾರವೆನಿಸಿದರೆ 14416. ಕನ್ನಡದಲ್ಲೇ ಮಾತನಾಡಬಹುದು.’ ಇದು ಟೆಲಿ ಮಾನಸ್ ಸಹಾಯವಾಣಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭಿಸಿದ್ದು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇರುತ್ತದೆ, ಉಚಿತ. ಹೆಂಗಸರು ಕುರ್ತಾ ಕೊಳ್ಳುವುದು ಜೇಬಿನ ಆಸೆಗೆ, ಸಂದೇಶಕ್ಕಲ್ಲ. ನನಗೆ ಅದರ ಬಗ್ಗೆ ಬೇಸರವಿಲ್ಲ.

ಟೀ ಶರ್ಟೇ ಆಗಬೇಕೆಂದರೆ ಮಾಡಿ. ಆದರೆ ಮೊದಲ ಕಂತಿಗೆ 20 ಸಾವಿರಕ್ಕಿಂತ ಹೆಚ್ಚು ಹಾಕಬೇಡಿ, ಎಸ್ ಅಳತೆ ಕಡಿಮೆ ತರಿಸಿ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಸ್ಕ್ರೀನ್ ಮಾಡಿಸಬೇಕು, ಹಾಗಾಗಿ ಒಂದೇ ಬಣ್ಣ ಸಾಕು. ಹತ್ತಿಪ್ಪತ್ತು ತುಂಡುಗಳಿಗೆ ಡಿಟಿಎಫ್ (ಫಿಲ್ಮ್ ಹಾಳೆಯ ಮೇಲೆ ಅಚ್ಚು ಹಾಕಿ ಬಿಸಿಯಿಂದ ಬಟ್ಟೆಗೆ ಅಂಟಿಸುವುದು) ಅಗ್ಗ, ಆದರೆ ಸ್ಟಿಕ್ಕರ್ ಅಂಟಿಸಿದ ಹಾಗಿರುತ್ತದೆ, ಬೆವರುವ ಎದೆಗೆ ಹಿತವಲ್ಲ. ಕನ್ನಡದ ವಿಷಯದಲ್ಲಂತೂ ಯಾರನ್ನೂ ನಂಬಬೇಡಿ. ನೀವು ಯೂನಿಕೋಡಿನಲ್ಲಿ, ಅಂದರೆ ಮೊಬೈಲಿನ ಮಾಮೂಲಿ ಕನ್ನಡದಲ್ಲಿ, ಬರೆದು ಕಳಿಸುತ್ತೀರಿ, ಅಚ್ಚಿನವರ ಕಂಪ್ಯೂಟರಿನ ಹಳೆಯ ಕೋರಲ್‌ಡ್ರಾ ತಂತ್ರಾಂಶ ಅದನ್ನು ಒಡೆದುಹಾಕುತ್ತದೆ. ನನ್ನ ಜೇಬಿನ ಸಾಲಿನ ಮೊದಲ ಮಾದರಿಯಲ್ಲಿ ‘ಮನಸ್ಸಿಗೆ’ಯ ಒತ್ತು ಪಕ್ಕಕ್ಕೆ ಜಾರಿ ಕುಳಿತಿತ್ತು! ಅಕ್ಷರಗಳನ್ನು ಚಿತ್ರರೂಪಕ್ಕೆ ಬದಲಾಯಿಸಿಯೇ ಕೊಡಿ, ಸಣ್ಣ ಒತ್ತಕ್ಷರಗಳೊಳಗೆ ಶಾಯಿ ತುಂಬಿಕೊಳ್ಳುತ್ತದೆಯೇ ಎಂದು ಒಂದು ಬಟ್ಟೆಯ ಮೇಲೆ ನೋಡಿ, ಆಮೇಲೆ ಉಳಿದದ್ದಕ್ಕೆ ಒಪ್ಪಿಗೆ ಕೊಡಿ. ‘ನೋಟೋ ಸಾನ್ಸ್ ಕನ್ನಡ’, ‘ಬಾಲೂ ತಮ್ಮ’ ಎಂಬ ಫಾಂಟ್‌ಗಳನ್ನು ವ್ಯಾಪಾರಕ್ಕೂ ಉಚಿತವಾಗಿ ಬಳಸಬಹುದು.

ಕಾಗದಪತ್ರ ಹೆಚ್ಚೇನಿಲ್ಲ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಮುಗಿಯುತ್ತದೆ, ಮಾಡಿಕೊಡುತ್ತೇವೆಂದು ದುಡ್ಡು ಕೇಳುವವರ ಕಡೆ ತಿರುಗಿ ನೋಡಬೇಡಿ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಆದರೆ ಹೊರರಾಜ್ಯಕ್ಕೆ ಮಾರುವುದಾದರೆ ಬೇಕಾಗುತ್ತದೆ.

ಬರೆಯುವ ಸಾಲುಗಳ ಬಗ್ಗೆ ನನ್ನ ಹಟ ಇಷ್ಟು: ‘ಹುಚ್ಚು’ ಎಂಬ ಪದವನ್ನು ತಮಾಷೆಗೂ ಬಳಸಬೇಡಿ. ‘ಸದಾ ನಗುತ್ತಿರಿ’, ‘ಧೈರ್ಯವಾಗಿರಿ’ ಎಂಬಂಥವೂ ಬೇಡ. ಧೈರ್ಯವಿಲ್ಲದ್ದಕ್ಕೆ ಕಾಯಿಲೆ ಬಂತು ಎಂದು ತಮ್ಮನಿಗೆ ಎಲ್ಲರೂ ಹೇಳಿ ಆಗಿತ್ತು. ಲಾಭದ ಪಾಲು ದಾನ ಮಾಡುತ್ತೇವೆಂದು ಬರೆದರೆ ರಸೀದಿ ತೋರಿಸಲು ಸಿದ್ಧರಿರಿ, ಇಲ್ಲವಾದರೆ ಬರೆಯಲೇಬೇಡಿ.

ಎಲ್ಲಕ್ಕಿಂತ ಹೆಚ್ಚು ಸುಸ್ತು ಮಾಡುವುದು ಬಟ್ಟೆಯಲ್ಲ, ಫೋನು. ಇಂಥ ಬಟ್ಟೆ ಮಾರುವವರಿಗೆ ಜನ ರಾತ್ರಿ ಹನ್ನೊಂದಕ್ಕೆ ಸಂದೇಶ ಕಳಿಸುತ್ತಾರೆ, ಅಳತೆ ಕೇಳಲಿಕ್ಕಲ್ಲ. ಮೊದಲ ಕೆಲವು ತಿಂಗಳು ರಾತ್ರಿ ಒಂದು ಗಂಟೆಯವರೆಗೂ ಕುಳಿತು ಉತ್ತರಿಸುತ್ತಿದ್ದೆ. ನಾನು ದರ್ಜಿ, ವೈದ್ಯಳಲ್ಲ. ನನ್ನ ನಿದ್ದೆಯೂ ಹೋಯಿತು, ಅವರಿಗೆ ಬೇಕಾದದ್ದೂ ನನ್ನಿಂದ ಸಿಗಲಿಲ್ಲ. ಈಗ 14416ರ ಜೊತೆಗೆ, ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ ಎನ್ನುತ್ತೇನೆ. ಪಾವಗಡ, ಶಿರಾ ಕಡೆಯವರಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯದ ಮಂಗಳವಾರ, ಅಂದರೆ ಮನೋವೈದ್ಯರು ಅಲ್ಲಿಗೇ ಬಂದು ನೋಡುವ ದಿನ, ಯಾವಾಗ ಎಂದು ವಿಚಾರಿಸಲು ಹೇಳುತ್ತೇನೆ. ಚೇತರಿಸಿಕೊಂಡಿರುವ ನಿಮಗೆ ನಿದ್ದೆ ನನಗಿಂತ ಹೆಚ್ಚು ಮುಖ್ಯ. ಒಂಬತ್ತರ ನಂತರ ವ್ಯಾಪಾರದ ಫೋನನ್ನು ಬೇರೆ ಕೋಣೆಯಲ್ಲಿಡಿ. ಮಾತ್ರೆ ನಡೆಯುತ್ತಿದ್ದರೆ ವ್ಯಾಪಾರದ ಉತ್ಸಾಹದಲ್ಲಿ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಲೆಕ್ಕ ಕೇಳಿದ್ದೀರಲ್ಲ. ಕುರ್ತಾ ಒಂದಕ್ಕೆ 650 ರೂಪಾಯಿ. ಬಟ್ಟೆಗೆ 260, ಹೊಲಿಯುವ ಹೆಂಗಸರಿಗೆ 150, ಅಚ್ಚು, ದಾರ, ಚೀಲಕ್ಕೆ 40. ಉಳಿಯುವುದು 200. ತಿಂಗಳಿಗೆ ನಲವತ್ತು ಹೋಗುತ್ತವೆ, ಅಂದರೆ ಎಂಟು ಸಾವಿರ. ಅಂಗಡಿಯ ಬಾಡಿಗೆಯನ್ನು ಈಗಲೂ ಕಟ್ಟುತ್ತಿರುವುದು ಬ್ಲೌಸು ಮತ್ತು ಶಾಲೆಯ ಸಮವಸ್ತ್ರ. ಹಳೆಯ ಟೀ ಶರ್ಟ್‌ಗಳಲ್ಲಿ ಎಸ್ ಅಳತೆಯವೇ ಇನ್ನೂ ಮೂವತ್ತು ಉಳಿದಿವೆ. ಅಚ್ಚಿನ ಬಣ್ಣ ಬಟ್ಟೆಯ ಮೇಲೆ ಹೇಗೆ ಕೂರುತ್ತದೆಂದು ನೋಡಲು ಬೇಕಾದರೆ ಒಂದನ್ನು ಕೊಡುತ್ತೇನೆ, ದುಡ್ಡು ಬೇಡ.