ನೀರಿನ ಪಟ್ಟಿ, ಮುಂಗಡದ ಹಣ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

"ಮನೆ ಬಿಡಬೇಕು ಅಂದುಕೊಂಡಿದ್ದೇನೆ ಮೇಡಂ. ಬಿಡಲು ಮನಸ್ಸೂ ಇಲ್ಲ" ಎಂದಳು. ಆಪ್ತಸಲಹೆಗೆಂದು ನನ್ನ ಬಳಿ ಬಂದಿದ್ದಳು. ಧಾರವಾಡದ ಕಡೆಯವಳು, ಇಪ್ಪತ್ತೇಳು ವರ್ಷ. ಬೆಂಗಳೂರಿನಲ್ಲಿ ಮೂರು ಕೋಣೆಗಳ ಬಾಡಿಗೆ ಮನೆಯಲ್ಲಿ ಒಬ್ಬ ಗೆಳತಿ ಮತ್ತು ಆ ಗೆಳತಿಯ ಸಹೋದ್ಯೋಗಿಯ ಜೊತೆ ಇದ್ದಳು. ಅವನು ಮೈಸೂರಿನವನು. ಜಗಳವೆಲ್ಲ ಅವನ ಜೊತೆಗೇ. ಅವನು ಬೆಲ್ಲ ಹಾಕಿ ಮಾಡಿದ ಸಾಂಬಾರನ್ನು ಇವಳು ಪಾಯಸ ಎನ್ನುವಳು; ಇವಳ ಮನೆಯಿಂದ ಬಂದ ಖಡಕ್ ರೊಟ್ಟಿಯನ್ನು ಅವನು ಹಪ್ಪಳ ಎನ್ನುವನು. ಗೀಸರ್ ಆರಿಸದೆ ಹೋದವರು ಯಾರು, ನೀರಿನ ಕ್ಯಾನ್ ಎತ್ತಿಡಬೇಕಾದವರು ಯಾರು ಎಂಬುದರ ಮೇಲೆ ವಾರಕ್ಕೊಂದು ಪಂಚಾಯಿತಿ.

ಅದು 2024ರ ಬೇಸಿಗೆ. ಹಿಂದಿನ ವರ್ಷ ಮಳೆ ಕೈಕೊಟ್ಟು ನಗರದ ಎಷ್ಟೋ ಕೊಳವೆಬಾವಿಗಳು ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಹಾಕುತ್ತಿದ್ದ ಕಾಲ. ಇವರ ಕಟ್ಟಡದ ನಲ್ಲಿಗಳಲ್ಲಿ ಬೆಳಿಗ್ಗೆ ಒಂದು ಗಂಟೆ ಮಾತ್ರ ಟ್ಯಾಂಕರ್ ನೀರು. ಬಕೆಟ್ ತುಂಬಿಸುವ ಸರದಿಗೂ ಜಗಳವಾಗಿ, ಇವಳೇ ಅಡುಗೆಮನೆಯ ಗೋಡೆಗೆ ಒಂದು ಪಟ್ಟಿ ಅಂಟಿಸಿದಳು. ಅವನನ್ನು ಸಿಕ್ಕಿಹಾಕಿಸಲೆಂದೇ ತಿಂಗಳ ಕೊನೆಗೆ ಲೆಕ್ಕ ಹಾಕಿದಳು. ತಾನು ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಒಂಬತ್ತು ದಿನಗಳಲ್ಲೂ ತನ್ನ ಹೆಸರಿನ ಮುಂದೆ ಹಸಿರು ಗುರುತಿತ್ತು. ಗೆಳತಿಯ ಉಪಕಾರ ಎಂದುಕೊಂಡಿದ್ದಳು. ಆ ಹಸಿರು ಪೆನ್ನು ಅವನದು.

"ಒಂದು ಸಲವೂ ಹೇಳಿಕೊಂಡಿಲ್ಲ. ಮೊದಲು ಬಂದದ್ದು ಕೋಪ ಮೇಡಂ."

ಜಗಳವಾಡುವವರ ಒಳಗೆ ಪ್ರೀತಿ ಅಡಗಿರುತ್ತದೆ ಎಂದು ಸಿನಿಮಾಗಳು ಹೇಳಿಕೊಟ್ಟಿವೆ. ನನ್ನ ಎದುರು ಕುಳಿತವರಲ್ಲಿ ಬಹುಪಾಲು ಜಗಳಗಳ ಒಳಗೆ ಇನ್ನಷ್ಟು ಜಗಳವೇ ಇತ್ತು. ಹಾಗಾಗಿ ಒಂದು ಪ್ರಶ್ನೆ ಕೇಳಿದೆ: ಎಷ್ಟೇ ರೇಗಿದರೂ ಅವನು ಆಡದ ಮಾತು ಯಾವುದು? ದಂಪತಿಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಜಾನ್ ಗಾಟ್ಮನ್, ಸಂಬಂಧ ಮುರಿಯುವ ಲಕ್ಷಣಗಳಲ್ಲಿ ತಿರಸ್ಕಾರವನ್ನೇ ಮೊದಲು ಎಣಿಸುತ್ತಾರೆ, ಕೂಗಾಟ ಆಮೇಲಿನದು. ಅವಳು ತುಂಬ ಹೊತ್ತು ಯೋಚಿಸಿದಳು. ನನ್ನ ಸಂಬಳ, ನನ್ನ ಮೈಬಣ್ಣ, ನನ್ನ ಅಪ್ಪ, ಈ ಮೂರನ್ನು ಅವನು ಯಾವತ್ತೂ ಎತ್ತಿಲ್ಲ ಎಂದಳು. ಅವಳು? "ಅವನ ಕೆಲಸ ಹೋಗಿದ್ದ ಎರಡು ತಿಂಗಳು ನಾನು ಬಾಡಿಗೆಯ ಮಾತೇ ಎತ್ತಿರಲಿಲ್ಲ."

ಅವನು ತನಗೆ ಇಷ್ಟ ಎಂಬುದನ್ನು ಭಾನುವಾರ ರಾತ್ರಿ ಊಟಕ್ಕೆ ಕುಳಿತಾಗ ಹೇಳಿಬಿಡಬೇಕೆಂಬುದು ಅವಳ ಯೋಜನೆ. ನಾನು ತಡೆದೆ. ಅವನಿಗೆ ಬೇಡ ಎನ್ನಬೇಕಾದರೆ ಅವನು ಎದ್ದು ಎಲ್ಲಿಗೆ ಹೋಗಬೇಕು? ಹತ್ತು ಹೆಜ್ಜೆ ದೂರದ ಕೋಣೆಗೆ, ಮರುದಿನ ಅದೇ ಒಲೆಯ ಮುಂದಕ್ಕೆ. ಇನ್ನೊಂದು ತೊಡಕೂ ಹೊರಬಿತ್ತು. ಮನೆಯ ಮುಂಗಡ ಪೂರ್ತಿ ಕೊಟ್ಟವನು ಅವನು. ಅವಳ ಪಾಲಿನ ಐವತ್ತು ಸಾವಿರ ಇನ್ನೂ ಬಾಕಿ. ಸಾಲ ಇಟ್ಟುಕೊಂಡು ಪ್ರೀತಿಯ ಮಾತೆತ್ತಿದರೆ ನಾಳೆ ಯಾವ ಮಾತು ಯಾವುದಕ್ಕೆ ಎಂದು ಇಬ್ಬರಿಗೂ ಗೊತ್ತಾಗುವುದಿಲ್ಲ. ಮೊದಲು ಹಣ ತೀರಿಸಿ ಎಂದೆ. ಹನ್ನೊಂದು ತಿಂಗಳ ಕರಾರು ಜುಲೈಗೆ ಮುಗಿಯುವುದಿತ್ತು. ಅಲ್ಲಿಯವರೆಗೆ ಕಾಯಿರಿ, ಬೇರೊಂದು ಜಾಗ ನೋಡಿಟ್ಟುಕೊಳ್ಳಿ, ಮಾತನ್ನು ಮನೆಯ ಹೊರಗೆ ಆಡಿ, ಉತ್ತರವನ್ನು ಅಲ್ಲೇ ಕೇಳಬೇಡಿ. ಗೆಳತಿಗೂ ಮುಂಚೆಯೇ ತಿಳಿಸಿ. ಬಾಡಿಗೆಯ ಮೂರನೇ ಒಂದು ಪಾಲು ಅವಳದೂ ಹೌದಲ್ಲ.

ಇದು ಲೆಕ್ಕಪತ್ರದ ಸಲಹೆಯಂತಿದೆ ಎಂದು ಅವಳು ಮುಖ ಸಣ್ಣಗೆ ಮಾಡಿಕೊಂಡು ಹೋದಳು.

ಡಿಸೆಂಬರಿನಲ್ಲಿ ಇಬ್ಬರೂ ಒಟ್ಟಿಗೆ ಬಂದರು. ಅವಳು ಆಗಸ್ಟಿನಿಂದ ಪಿಜಿಯಲ್ಲಿದ್ದಳು. ಒಂದು ದರ್ಶಿನಿಯ ಮುಂದೆ ನಿಂತು ಹೇಳಿದ್ದಳಂತೆ. ಅವನು ಮೂರು ವಾರ ತೆಗೆದುಕೊಂಡನಂತೆ. ಮನೆಯವರಿಗೆ ಹೇಗೆ ಹೇಳುವುದು ಎಂದು ಕೇಳಲು ಬಂದಿದ್ದರು, ಆದರೆ ಅರ್ಧ ಗಂಟೆ ಕಳೆದರೂ ಆ ವಿಷಯಕ್ಕೆ ಬರಲಿಲ್ಲ.

"ಹೋಗುವಾಗ ಆ ಪಟ್ಟಿಯನ್ನು ಕಿತ್ತುಕೊಂಡು ಹೋದಳು ಮೇಡಂ. ಗೋಡೆಯ ಬಣ್ಣವೂ ಎದ್ದುಬಂತು. ಮಾಲೀಕರು ಅದಕ್ಕೆಂದು ಮುಂಗಡದಲ್ಲಿ ಮುರಿದುಕೊಂಡರು."

"ಬಣ್ಣದ ದುಡ್ಡು ಹೇಗಿದ್ದರೂ ಮುರಿಯುತ್ತಿದ್ದರು" ಎಂದಳು ಅವಳು. "ಪಟ್ಟಿ ನನ್ನದು."