ಚುಕ್ಕಾಣಿಯನ್ನು ದೊಡ್ಡದು ಮಾಡಿಸುವ ಮೊದಲು

ಪ್ರಶ್ನೆ: ಮಾನ್ಯರೇ, 14 ಅಡಿ ಉದ್ದದ ಹಳೆಯ ಫೈಬರ್ ಹಾಯಿದೋಣಿಯೊಂದನ್ನು ಕೊಂಡು ಕುಂಬಳೆಯ ಹಿನ್ನೀರಿನಲ್ಲಿ ಓಡಿಸುತ್ತಿದ್ದೇನೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಬಲಗೊಂಡೊಡನೆ ಚುಕ್ಕಾಣಿಯ ಹಿಡಿಕೋಲು ಕೈ ಸೋಲುವಷ್ಟು ಭಾರವಾಗುತ್ತದೆ. ಎಷ್ಟು ಎಳೆದು ಹಿಡಿದರೂ ದೋಣಿ ಗಾಳಿ ಬರುವ ಕಡೆಗೇ ತಿರುಗಿಬಿಡುತ್ತದೆ. ಚುಕ್ಕಾಣಿಯ ಹಲಗೆಯನ್ನು ಅಗಲ ಮಾಡಿಸಿದರೆ ಸರಿಹೋದೀತೆ?
– ಓದುಗರು, ಕುಂಬಳೆ

ಉತ್ತರ: ದಯವಿಟ್ಟು ಈಗಲೇ ಅಗಲ ಮಾಡಿಸಬೇಡಿ. ಹಲಗೆ ಅಗಲವಾದಷ್ಟೂ ಹಿಡಿಕೋಲು ಇನ್ನಷ್ಟು ಭಾರವಾಗುತ್ತದೆ.

ಮೊದಲು ನೋಡಬೇಕಾದದ್ದು ಹಲಗೆ ಪೂರ್ತಿ ಕೆಳಗಿಳಿದಿದೆಯೇ ಎಂಬುದನ್ನು. ನಮ್ಮ ಹಿನ್ನೀರುಗಳಲ್ಲಿಯೂ ಅಳಿವೆಗಳಲ್ಲಿಯೂ ಮರಳದಿಣ್ಣೆಗಳಿರುವುದರಿಂದ, ನೆಲ ತಾಗಿದಾಗ ಹಿಂದಕ್ಕೆ ಮೇಲೇಳುವ ಚುಕ್ಕಾಣಿಯೇ ಇಲ್ಲಿಗೆ ಅನುಕೂಲ. ನಿಮ್ಮದೂ ಅಂಥದೇ ಆಗಿದ್ದರೆ, ಅದನ್ನು ಕೆಳಗೆ ಹಿಡಿದಿಡುವ ಹಗ್ಗ ಸ್ವಲ್ಪ ಹಿಗ್ಗಿದರೂ ಓಟದ ರಭಸಕ್ಕೆ ಹಲಗೆ ಹಿಂದಕ್ಕೆ ಓರೆಯಾಗುತ್ತದೆ. ನೀರಿನೊಳಗಿನ ಭಾಗ 60 ಸೆಂ.ಮೀ. ಉದ್ದ, 24 ಸೆಂ.ಮೀ. ಅಗಲವಿದೆ ಎಂದುಕೊಳ್ಳಿ. ನೀರಿನ ಒತ್ತಡ ಬೀಳುವ ಬಿಂದು ಮುಂದಿನ ಅಂಚಿನಿಂದ ಸುಮಾರು ಕಾಲುಭಾಗದಲ್ಲಿ, ಎಂದರೆ 6 ಸೆಂ.ಮೀ. ಹಿಂದೆ ಇರುತ್ತದೆ, ತಿರುಗುವ ಅಕ್ಷ ಆ ಅಂಚಿಗಿಂತ 4 ಸೆಂ.ಮೀ. ಮುಂದಿದ್ದರೆ ಒಟ್ಟು ಅಂತರ 10 ಸೆಂ.ಮೀ. ಹಲಗೆ 20 ಡಿಗ್ರಿಯಷ್ಟು ಹಿಂದಕ್ಕೆ ವಾಲಿದರೆ ಒತ್ತಡದ ಬಿಂದು ಇನ್ನೂ 10 ಸೆಂ.ಮೀ. ಹಿಂದೆ ಸರಿದು, ನಿಮ್ಮ ಕೈಗೆ ಬರುವ ಭಾರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಿಗ್ಗದ ಹಗ್ಗವೊಂದನ್ನು ಹಾಕಿ, ಎಳೆದು ಬಿಗಿದು ನೋಡಿ. ಅರ್ಧ ತೊಂದರೆ ಇಲ್ಲಿಯೇ ನಿವಾರಣೆಯಾಗುವ ಸಂಭವ ಹೆಚ್ಚು.

ಉಳಿದರ್ಧಕ್ಕೆ ಕಾರಣ ಹಾಯಿಯಲ್ಲಿರಬಹುದು. ದೋಣಿ ವಾಲಿದಾಗ ಹಾಯಿಯ ಎಳೆತ ದೋಣಿಯ ನಡುಗೆರೆಯಿಂದ ಹೊರಕ್ಕೆ ಸರಿದು, ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸುತ್ತದೆ. ಹಾಯಿಕಂಬ ಅತಿಯಾಗಿ ಹಿಂದಕ್ಕೆ ಬಾಗಿದ್ದರೂ, ದೊಡ್ಡ ಹಾಯಿಯನ್ನು ಬಿಗಿಯಾಗಿ ಎಳೆದಿದ್ದರೂ ಹೀಗೆಯೇ ಆಗುತ್ತದೆ. ಗಾಳಿ ರಭಸವಾಗಿ ಬೀಸಿದೊಡನೆ ಹಿಡಿಕೋಲಿನೊಡನೆ ಗುದ್ದಾಡುವ ಬದಲು ದೊಡ್ಡ ಹಾಯಿಯ ಹಗ್ಗವನ್ನು ಒಂದು ಗೇಣು ಸಡಿಲಿಸಿ, ಗಾಳಿಯ ಬದಿಗೆ ಸರಿದು ಕುಳಿತು ದೋಣಿಯನ್ನು ನೆಟ್ಟಗೆ ಮಾಡಿ. ಚುಕ್ಕಾಣಿಯನ್ನು 3ರಿಂದ 5 ಡಿಗ್ರಿ ತಿರುಗಿಸಿ ಹಿಡಿಯಬೇಕಾಗಿ ಬಂದರೆ ಅದು ದೋಷವಲ್ಲ. ಆ ಅಲ್ಪ ಸೆಳೆತದಿಂದಲೇ ದೋಣಿಯ ಮನಸ್ಸು ಕೈಗೆ ತಿಳಿಯುತ್ತದೆ, ಮೇಲಾಗಿ ಹಿಡಿಕೋಲು ಕೈಬಿಟ್ಟರೆ ದೋಣಿ ತಾನಾಗಿ ಗಾಳಿಗೆ ಮುಖಮಾಡಿ ನಿಲ್ಲುತ್ತದೆ.

“ಎಷ್ಟು ಎಳೆದು ಹಿಡಿದರೂ” ಎಂದು ಬರೆದಿದ್ದೀರಿ. ಚುಕ್ಕಾಣಿ ನೀರನ್ನು ಪಕ್ಕಕ್ಕೆ ತಳ್ಳುವ ಬರಿಯ ಹಲಗೆಯಲ್ಲ, ನೀರೊಳಗಿನ ರೆಕ್ಕೆ. ಓಟದಲ್ಲಿ ಅದನ್ನು ಸುಮಾರು 15 ಡಿಗ್ರಿಗಿಂತ ಹೆಚ್ಚು ತಿರುಗಿಸುತ್ತ ಹೋದರೆ ಹರಿವು ಅದರ ಒಂದು ಮೈಯಿಂದ ಕಳಚಿಕೊಂಡು, ತಿರುಗಿಸುವ ಶಕ್ತಿ ಕುಗ್ಗಿ, ದೋಣಿಯನ್ನು ತಡೆಯುವ ಎಳೆತ ಮಾತ್ರ ಬೆಳೆಯುತ್ತದೆ. ವೇಗ ಅರ್ಧಕ್ಕಿಳಿದರೆ ಚುಕ್ಕಾಣಿಯ ಬಲ ಕಾಲುಭಾಗಕ್ಕೆ ಇಳಿಯುವುದರಿಂದ, ಹೀಗೆ ಓಟ ತಗ್ಗಿದ ದೋಣಿ ಮಾತು ಕೇಳುವುದಿಲ್ಲ. ವಾಲಿದ ದೋಣಿಯಲ್ಲಿ ಹಲಗೆಯ ಗುಂಟ ಗಾಳಿ ಕೆಳಗಿಳಿದರಂತೂ ಹಿಡಿತವೇ ತಪ್ಪುತ್ತದೆ. ಹಿಡಿಕೋಲನ್ನು ಕೊಂಚ ನಡುವಿಗೆ ತಂದು, ಹರಿವು ಮತ್ತೆ ಅಂಟಿಕೊಂಡ ಮೇಲೆ ನಿಧಾನವಾಗಿ ತಿರುಗಿಸಿ.

ಇಷ್ಟಾದರೂ ಸಮಾಧಾನವಾಗದಿದ್ದರೆ ಹೊಸ ಹಲಗೆ ಮಾಡಿಸಿ. ಆದರೆ ಅಗಲವಾದುದನ್ನಲ್ಲ, ನೀರಿನ ಆಳ ಒಪ್ಪುವಷ್ಟು ಉದ್ದವಾದುದನ್ನು. 24 ಸೆಂ.ಮೀ. ಅಗಲಕ್ಕೆ ಎರಡೂವರೆ ಸೆಂ.ಮೀ. ದಪ್ಪ ಸಾಕು, ಆ ದಪ್ಪ ಮುಂದಿನ ಅಂಚಿನಿಂದ ಸುಮಾರು 7 ಸೆಂ.ಮೀ. ಹಿಂದೆ ಬರಲಿ, ಮುಂದಿನ ಅಂಚು ದುಂಡಗಿರಲಿ, ಹಿಂದಕ್ಕೆ ಹೋದಂತೆ ಎರಡೂ ಮೈ ಒಂದೇ ಅಳತೆಯಲ್ಲಿ ತೆಳುವಾಗಲಿ. ಬಡಗಿಗೆ ರಟ್ಟಿನ ಅಚ್ಚೊಂದನ್ನು ಕತ್ತರಿಸಿ ಕೊಡುವುದು ಒಳ್ಳೆಯದು, ಏಕೆಂದರೆ ಎರಡು ಮೈಗಳು ಸಮವಾಗಿಲ್ಲದ ಹಲಗೆ ದೋಣಿಯನ್ನು ಸದಾ ಒಂದೇ ಕಡೆಗೆ ಎಳೆಯುತ್ತದೆ.

ಪ್ರಶ್ನೆ: ನನ್ನ ದೋಣಿ ವೇಗವಾಗಿ ಓಡಿದಾಗ ಚುಕ್ಕಾಣಿ ಗುಂಯ್ ಎಂದು ನಡುಗುತ್ತದೆ. ಇದು ಅಪಾಯವೇ?
– ಓದುಗರು, ಮಂಜೇಶ್ವರ

ಉತ್ತರ: ಹಲಗೆಯ ಹಿಂದಿನ ಅಂಚು ದುಂಡಗಿದ್ದರೆ ಅಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುಳಿಗಳು ಕಳಚುತ್ತವೆ, ನಡುಕ ಹುಟ್ಟುವುದು ಅದರಿಂದ. ಆ ಅಂಚನ್ನು ಎರಡು ಮಿ.ಮೀ.ನಷ್ಟು ತೆಳುವಾಗಿಸಿ, ಒಂದೇ ಪಕ್ಕದಿಂದ ಓರೆಯಾಗಿ ಉಜ್ಜಿ, ಮೂಲೆಗಳನ್ನು ಚೂಪಾಗಿಯೇ ಬಿಡಿ. ಸದ್ದು ಅಪಾಯಕಾರಿಯಲ್ಲ, ಆದರೆ ಆ ನಡುಕಕ್ಕೆ ಚುಕ್ಕಾಣಿಯನ್ನು ದೋಣಿಗೆ ಜೋಡಿಸುವ ಪಿನ್ನುಗಳು ಸವೆಯುತ್ತವೆ. ದೋಣಿಯನ್ನು ದಡಕ್ಕೆಳೆದಾಗ ಹಲಗೆಯ ತುದಿ ಹಿಡಿದು ಅಲ್ಲಾಡಿಸಿ. ಸಡಿಲವಿದ್ದರೆ ನೈಲಾನ್ ಬುಶ್ ಬದಲಿಸಿದ ಮೇಲೆಯೇ ನೀರಿಗಿಳಿಸಿ.