ಮೋನಿವಾ ಸೈನ್ಯದ ಕೈಯಲ್ಲಿದೆ, ಅಂದ್ರೆ ಭಯ ಇಲ್ಲ ಅಲ್ವಾ?

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಕಲಬುರಗಿಯ ದಾಲ್ ಮಿಲ್ಲಿನಲ್ಲಿ ಖರೀದಿ ನೋಡಿಕೊಳ್ಳುತ್ತಿದ್ದೀಯ. ಮ್ಯಾನ್ಮಾರ್ ದೇಶದ ಯಾಂಗೊನ್‌ನ ಒಂದು ಬೇಳೆಕಾಳು ರಫ್ತು ಕಂಪನಿ ಕೆಲಸಕ್ಕೆ ಕರೆದಿದೆ. ಮೊದಲು ಯಾಂಗೊನ್ ಆಫೀಸು, ಆಮೇಲೆ ಸಗಾಯಿಂಗ್ ಪ್ರಾಂತ್ಯದ ಮೋನಿವಾದಲ್ಲಿ ಕೂತು ತೊಗರಿ ಖರೀದಿ. ಯಾವ ಊರು ಯಾರ ಕೈಯಲ್ಲಿದೆ ಅಂತ ತೋರಿಸುವ ಮ್ಯಾಪ್‌ನಲ್ಲಿ ಮೋನಿವಾ ಸೈನ್ಯದ ಬಣ್ಣದಲ್ಲಿದೆ, ಹಾಗಾದರೆ ಭಯ ಇಲ್ಲ ಅಲ್ವಾ ಅಣ್ಣಾ ಅಂತ ಕೇಳಿದ್ದೀಯ.

ಯಾಂಗೊನ್‌ಗೆ ಬಾ. ಮೋನಿವಾಕ್ಕೆ ಒಪ್ಪಬೇಡ.

ಮ್ಯಾಪ್ ಸುಳ್ಳಲ್ಲ. ಸೈನ್ಯದ ವಾಯವ್ಯ ಕಮಾಂಡ್ ಇರುವುದೇ ಮೋನಿವಾದಲ್ಲಿ. ಊರು ಅವರದ್ದು. ಆದರೆ ತೊಗರಿ ಊರೊಳಗೆ ಬೆಳೆಯುವುದಿಲ್ಲವಲ್ಲ. ಸಗಾಯಿಂಗ್, ಮಗ್ವೆ, ಮಂಡಾಲೆ ಕಡೆಯ ಒಣ ಸೀಮೆಯ ಹಳ್ಳಿಗಳಿಂದ ಅದು ಬರಬೇಕು. ಅಲ್ಲಿಂದ ಪೇಟೆಗೆ, ಪೇಟೆಯಿಂದ ಯಾಂಗೊನ್ ಬಂದರಿಗೆ. ಆ ದಾರಿ ಪೂರ್ತಿ ಒಬ್ಬರ ಕೈಯಲ್ಲಿಲ್ಲ. ಹೆದ್ದಾರಿಯಲ್ಲಿ ಸೈನ್ಯದ ತಪಾಸಣೆ ಗೇಟು, ಸ್ವಲ್ಪ ಒಳಗೆ ಹೋದರೆ ಸೈನ್ಯದ ವಿರುದ್ಧ ಬಂದೂಕು ಹಿಡಿದ ಪಿಡಿಎಫ್ ಹುಡುಗರ ಗೇಟು, ನಡುವೆ ಎಲ್ಲೋ ಸೈನ್ಯದ ಪರವಾದ ಹಳ್ಳಿ ಪಡೆಯವರು. ಮೂವರಿಗೂ ದುಡ್ಡು ಕೊಡಬೇಕು. ಕೆಲವರು ರಸೀದಿ ಕೂಡ ಕೊಡುತ್ತಾರೆ. ಒಬ್ಬರ ರಸೀದಿ ಇನ್ನೊಬ್ಬರ ಕಣ್ಣಿಗೆ ಬಿದ್ದರೆ ಲಾರಿ ಡ್ರೈವರ್ ಕಥೆ ಮುಗಿಯಿತು. ಹಗಲು ಒಬ್ಬರದ್ದು, ಕತ್ತಲಾದ ಮೇಲೆ ಇನ್ನೊಬ್ಬರದ್ದು ಅನ್ನುವಂಥ ರಸ್ತೆಗಳೂ ಇವೆ. ಮ್ಯಾಪ್ ಮಾಡುವವನು ಇದಕ್ಕೆ ಯಾವ ಬಣ್ಣ ಹಾಕಬೇಕು ಹೇಳು.

ಇದೆಲ್ಲ ಶುರುವಾಗಿದ್ದು 2021ರ ಫೆಬ್ರವರಿ 1ರಂದು. ಹಿಂದಿನ ನವೆಂಬರ್‌ನಲ್ಲಿ ಆಂಗ್ ಸಾನ್ ಸೂಕಿ ಪಕ್ಷ ಚುನಾವಣೆ ಗೆದ್ದಿತ್ತು. ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲಾಯಿಂಗ್ ಅಧಿಕಾರ ಕಿತ್ತುಕೊಂಡು ಆಕೆಯನ್ನು ಬಂಧಿಸಿದರು. ಜನ ಬೀದಿಗಿಳಿದರು, ಗುಂಡು ಹಾರಿತು. ಹುಡುಗರು ಕಾಡು ಸೇರಿ ಬಂದೂಕು ಹಿಡಿದರು. ಅದೇ ಪಿಡಿಎಫ್. ಗಡಿಯಲ್ಲಿ ಕರೆನ್, ಕಚಿನ್, ಶಾನ್ ಜನಾಂಗದವರ ಸೈನ್ಯಗಳು ಎಷ್ಟೋ ದಶಕಗಳಿಂದ ಇದ್ದವು. ಬಹುಸಂಖ್ಯಾತ ಬರ್ಮೀಯರದೇ ಒಣ ಸೀಮೆಯಲ್ಲಿ ಈ ಮಟ್ಟದ ಯುದ್ಧ ಮಾತ್ರ ಹೊಸದು. ನಮ್ಮ ತೊಗರಿ ಬರುವುದೂ ಅಲ್ಲಿಂದಲೇ.

ಕೈ ಬದಲಾಗುವುದು ಅಂದರೆ ಹೇಗೆ ಅಂತ ಗೊತ್ತಾಗಬೇಕಾದರೆ ಲಾಷಿಯೊ ನೋಡು. ಚೀನಾ ಗಡಿಗೆ ಹೋಗುವ ದಾರಿಯ ದೊಡ್ಡ ಊರು. 2023ರ ಅಕ್ಟೋಬರ್ 27ಕ್ಕೆ ಸೈನ್ಯದ ವಿರುದ್ಧದ ಮೂರು ಪಡೆಗಳು ಸೇರಿ ಉತ್ತರ ಶಾನ್‌ನಲ್ಲಿ ದಾಳಿ ಶುರು ಮಾಡಿದವು. 2024ರ ಆಗಸ್ಟ್ ಹೊತ್ತಿಗೆ ಲಾಷಿಯೊ ಬಿತ್ತು, ಅಲ್ಲಿದ್ದ ಸೈನ್ಯದ ಪ್ರಾದೇಶಿಕ ಕಮಾಂಡ್ ಸಮೇತ. ಸೈನ್ಯದ ಕಥೆ ಮುಗಿಯಿತು ಅಂತ ಯಾಂಗೊನ್‌ನ ಚಹಾ ಅಂಗಡಿಗಳಲ್ಲಿ ಪಿಸುಪಿಸು ಮಾತು. 2025ರ ಏಪ್ರಿಲ್‌ನಲ್ಲಿ ಗೆದ್ದವರೇ ಊರನ್ನು ಸೈನ್ಯಕ್ಕೆ ವಾಪಸ್ ಕೊಟ್ಟರು, ಚೀನಾ ನಡುವೆ ನಿಂತು ಕೊಡಿಸಿತು. ಅದೇ ವರ್ಷ ಮಂಡಾಲೆಯಿಂದ ಲಾಷಿಯೊ ದಾರಿಯಲ್ಲಿರುವ ಚೌಕ್ಮೆ, ಸೀಪಾ ಊರುಗಳನ್ನೂ ಸೈನ್ಯ ಮತ್ತೆ ಹಿಡಿಯಿತು. ಇನ್ನು ಪಶ್ಚಿಮದ ರಖೈನ್‌ನಲ್ಲಿ ಉಲ್ಟಾ. 17 ಟೌನ್‌ಶಿಪ್‌ಗಳಲ್ಲಿ (ನಮ್ಮ ತಾಲ್ಲೂಕಿನಂಥವು) 14 ಅಲ್ಲಿನ ಬಂಡುಕೋರ ಪಡೆ ಅರಾಕಾನ್ ಆರ್ಮಿ ಕೈಗೆ ಹೋಗಿವೆ. ನಮ್ಮ ದೇಶ ದುಡ್ಡು ಹಾಕಿ ಕಟ್ಟಿಸಿದ ಸಿತ್ವೆ ಬಂದರು ಸೈನ್ಯದ ಹತ್ತಿರವೇ ಇದೆ, ಸುತ್ತಲೂ ಇನ್ನೊಬ್ಬರು. ರಖೈನ್‌ಗೆ ಹೋಗಬೇಡಿ ಅಂತ 2024ರಲ್ಲೇ ನಮ್ಮ ವಿದೇಶಾಂಗ ಇಲಾಖೆ ಹೇಳಿದೆ.

ಸೈನ್ಯ ನೆಲ ಕಳೆದುಕೊಂಡ ಕಡೆ ಆಕಾಶದಿಂದ ಬರುತ್ತದೆ. ಇದನ್ನು ಮನೆಯವರಿಗೆ ಹೇಳು, ಹೇಳದೆ ಬರಬೇಡ. 2023ರ ಏಪ್ರಿಲ್‌ನಲ್ಲಿ ಸಗಾಯಿಂಗ್‌ನ ಪಝೀಜಿ ಹಳ್ಳಿಯ ಮೇಲೆ ಬಾಂಬು ಬಿದ್ದು 160ಕ್ಕೂ ಹೆಚ್ಚು ಜನ ಸತ್ತರು. 2025ರ ಅಕ್ಟೋಬರ್‌ನಲ್ಲಿ ಚೌಂಗ್-ಊ ಕಡೆ ಹುಣ್ಣಿಮೆ ಹಬ್ಬಕ್ಕೆ ದೀಪ ಹಚ್ಚಿ ಸೇರಿದ್ದವರ ಮೇಲೆ ಮೋಟಾರು ಕಟ್ಟಿದ ಪ್ಯಾರಾಶೂಟಿನಿಂದ ಬಾಂಬು ಹಾಕಿದರು. ಈ ಚೌಂಗ್-ಊ ಎಲ್ಲಿದೆ ಗೊತ್ತಾ? ಮೋನಿವಾದ ಪಕ್ಕದಲ್ಲೇ. ನಿನ್ನ ಕಂಪನಿಯ ಕಾರು ಹಾದು ಹೋಗುವ ಕಡೆ.

ಹಾಗಾದರೆ ಅಲ್ಲಿ ವ್ಯಾಪಾರ ಹೇಗೆ ನಡೆಯುತ್ತದೆ ಅಂತೀಯ. ಅಲ್ಲಿಯವರೇ ನಡೆಸುತ್ತಾರೆ. ಇವತ್ತು ಯಾವ ಗೇಟಿನಲ್ಲಿ ಯಾರಿದ್ದಾರೆ, ಎಷ್ಟು ಕೇಳುತ್ತಾರೆ ಅನ್ನುವುದು ಅಲ್ಲಿನ ಲಾರಿಯವರಿಗೆ, ದಲಾಲರಿಗೆ ಫೋನಿನಲ್ಲಿ ಗೊತ್ತಾಗುತ್ತದೆ. ಫೋನ್ ಬಂದ್ ಆದ ದಿನ ಅವರೂ ಹೊರಡುವುದಿಲ್ಲ. ಬರ್ಮೀಸ್ ಬಾರದ ಕಲಬುರಗಿ ಹುಡುಗ ಅಲ್ಲಿ ಕೂತು ಏನು ಮಾಡುತ್ತಾನೆ? ಸ್ಯಾಂಪಲ್ ಯಾಂಗೊನ್‌ಗೇ ಬರುತ್ತದೆ. ಬಾಯಿನ್‌ನೌಂಗ್ ಸಗಟು ಮಾರುಕಟ್ಟೆಗೆ ಬೆಳಿಗ್ಗೆ ಹೋದರೆ ನಮ್ಮ ಗಂಜ್‌ಗೆ ಬಂದ ಹಾಗೇ ಅನಿಸುತ್ತದೆ. ಮಾರ್ವಾಡಿ, ಗುಜರಾತಿ, ತಮಿಳು ಎಲ್ಲ ಕೇಳಿಸುತ್ತವೆ. ಕನ್ನಡ ಮಾತ್ರ ಹುಡುಕಬೇಕು. ಲೆಮನ್ ಅನ್ನುವ ಇಲ್ಲಿಯ ತೊಗರಿಯ ಕಾಳು ನೋಡಿ ದರ ಹೇಳುವ ಕೆಲಸ ಅಲ್ಲೇ ಮಾಡಬಹುದು.

ಯಾಂಗೊನ್‌ನಲ್ಲಿ ಯುದ್ಧ ಕಾಣಿಸುವುದು ಬೇರೆ ರೀತಿ. ಕರೆಂಟ್ ಪಾಳಿ ಪ್ರಕಾರ ಬರುತ್ತದೆ, ಇನ್ವರ್ಟರ್ ಇರುವ ಮನೆಯನ್ನೇ ಕೇಳು. ಫೇಸ್‌ಬುಕ್ 2021ರಿಂದ ಬಂದ್, ವಿಪಿಎನ್ ಹಾಕಿಕೊಂಡರೆ ಅದೂ ತಪ್ಪು, ರಸ್ತೆಯಲ್ಲಿ ಫೋನ್ ಇಸಕೊಂಡು ನೋಡುತ್ತಾರೆ. ರಾತ್ರಿ ಮನೆಯಲ್ಲಿ ಬೇರೆಯವರು ಉಳಿದರೆ ವಾರ್ಡ್ ಆಫೀಸಿಗೆ ತಿಳಿಸಬೇಕು. 2024ರ ಫೆಬ್ರವರಿಯಲ್ಲಿ ಕಡ್ಡಾಯ ಸೇನಾ ಸೇವೆ ಜಾರಿಗೆ ತಂದರು, ಗಂಡುಮಕ್ಕಳಿಗೆ 18ರಿಂದ 35 ವಯಸ್ಸು. ಅದು ನಿನಗಲ್ಲ. ಆದರೆ ಗೋದಾಮಿನಲ್ಲಿ ನಿನ್ನ ಜೊತೆ ಚೀಲ ಎಣಿಸುವ ಹುಡುಗ ಒಂದು ಸೋಮವಾರ ಬರುವುದಿಲ್ಲ. ಥಾಯ್ಲೆಂಡ್‌ಗೆ ಹೋದನೋ, ಎಳೆದುಕೊಂಡು ಹೋದರೋ, ಕಾಡಿಗೆ ಹೋದನೋ. ಎಲ್ಲಿ ಅಂತ ಕೇಳಬೇಡ. ಕೇಳಿದರೆ ಉಳಿದವರಿಗೆ ಕಷ್ಟ. ಇದು ಅಭ್ಯಾಸ ಆಗುವುದಿಲ್ಲ, ನನಗಂತೂ ಆಗಿಲ್ಲ.

ಚುನಾವಣೆ ಆಯಿತಲ್ಲ, ಇನ್ನು ಸರಿಹೋಗುತ್ತದೆ ಅಂತ ಕಂಪನಿಯವರು ಹೇಳಿದರು ಅಂದೆ. 2025ರ ಡಿಸೆಂಬರ್, 2026ರ ಜನವರಿಯಲ್ಲಿ ಆಯಿತು, ನಿಜ. 330 ಟೌನ್‌ಶಿಪ್‌ಗಳಲ್ಲಿ 60ಕ್ಕೂ ಹೆಚ್ಚು ಕಡೆ ಮತದಾನವೇ ನಡೆಯಲಿಲ್ಲ. ಲೆಕ್ಕ ನೀನೇ ಹಾಕು.

ಸಂಬಳ ಇಲ್ಲಿಯ ಹಣ ಕ್ಯಾಟ್‌ನಲ್ಲಿ ಬೇಡ. ಡಾಲರ್‌ಗೆ ಸರ್ಕಾರಿ ದರ 2,100, ಪೇಟೆಯಲ್ಲಿ ಸುಮಾರು ಎರಡರಷ್ಟು. ಯಾವ ದರಕ್ಕೆ ಲೆಕ್ಕ ಹಾಕುತ್ತಾರೆ ಅನ್ನುವುದರಲ್ಲೇ ಅರ್ಧ ಸಂಬಳ ಹೋಗುತ್ತದೆ. ಊರಿನ ಖಾತೆಗೆ ರೂಪಾಯಿಯಲ್ಲಿ ಹಾಕಲು ಹೇಳು.

ನಿನ್ನ ಚಿಕ್ಕಪ್ಪನ ಮಗನಿಗೆ ಥಾಯ್ಲೆಂಡ್‌ನಲ್ಲಿ ಕಂಪ್ಯೂಟರ್ ಕೆಲಸ, ಮೇ ಸೊಟ್ ಅನ್ನುವ ಊರು ಅಂತ ಬರೆದಿದ್ದೀಯ. ಇವತ್ತೇ ತಡೆ. ಮೇ ಸೊಟ್ ದಾಟಿದರೆ ಹೊಳೆ, ಹೊಳೆ ದಾಟಿದರೆ ಮ್ಯಾವಡಿ. ಅಲ್ಲಿ ಆನ್‌ಲೈನ್ ವಂಚನೆಯ ಕೋಟೆಗಳಿವೆ, ಸೈನ್ಯದ ಜೊತೆ ಕೈಜೋಡಿಸಿದ ಪಡೆಗಳ ನೆರಳಿನಲ್ಲಿ. ಪಾಸ್‌ಪೋರ್ಟ್ ಕಸಿದುಕೊಂಡು ದುಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳು 549 ಜನರನ್ನು ಅಲ್ಲಿಂದ ವಾಪಸ್ ಕರೆತಂದವು. ನವೆಂಬರ್‌ನಲ್ಲಿ ಮತ್ತೆ ಹೋಗಬೇಕಾಯಿತು.

ನಿನ್ನ ಆಫರ್ ಪತ್ರದ ಫೋಟೊ ಕಳಿಸು. ಕೆಲಸದ ಜಾಗ ಯಾಂಗೊನ್ ಮಾತ್ರ ಅಂತ ಬರೆಸು. ಬರೆದುಕೊಟ್ಟರೆ ಸಹಿ ಹಾಕು, ಬಂದ ವಾರವೇ ನಮ್ಮ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸೋಣ. ಆಗಲ್ಲ ಅಂದರೆ ಕಲಬುರಗಿಯಲ್ಲೇ ಇರು, ಇಲ್ಲಿಯ ತೊಗರಿ ಹೇಗಿದ್ದರೂ ನಿನ್ನ ಮಿಲ್ಲಿಗೇ ಬರುತ್ತದೆ.